ಐದು ಪಾಲಿಕೆ, ಒಂದೇ ಮಳೆ: ಬೆಂಗಳೂರಲ್ಲಿ ವಿಪತ್ತು ಬಂದರೆ ಆದೇಶ ಯಾರದ್ದು?

2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿಗೆ ಐವರು ಆಯುಕ್ತರು. ಬಿಬಿಎಂಪಿ ಹೋಯಿತು. ಅದರ ಜಾಗಕ್ಕೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ನಗರ ಪಾಲಿಕೆಗಳು ಬಂದವು. ಇವುಗಳ ಮೇಲೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅಂದರೆ ಜಿಬಿಎ ಇದೆ. ಅದಕ್ಕೂ ಒಬ್ಬರು ಮುಖ್ಯ ಆಯುಕ್ತರಿದ್ದಾರೆ.

ಇದಕ್ಕೆ ಕೆಲವೇ ತಿಂಗಳ ಮುಂಚೆ, ಅದೇ ವರ್ಷದ ಏಪ್ರಿಲ್‌ನಲ್ಲಿ, ಕೇಂದ್ರ ಸರ್ಕಾರದ ವಿಪತ್ತು ನಿರ್ವಹಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ರಾಜ್ಯದ ರಾಜಧಾನಿಗೆ ಮತ್ತು ನಗರ ಪಾಲಿಕೆ ಇರುವ ಊರುಗಳಿಗೆ ರಾಜ್ಯ ಸರ್ಕಾರ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಬಹುದು ಎಂದು ಅದು ಹೇಳುತ್ತದೆ. ಪಾಲಿಕೆ ಆಯುಕ್ತರು ಅದರ ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು.

ಎರಡೂ ಸುದ್ದಿಯನ್ನು ಬೇರೆ ಬೇರೆಯಾಗಿ ಓದಿದರೆ ಗೊಂದಲವಿಲ್ಲ. ಒಟ್ಟಿಗೆ ಓದಿದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಊರಿಗೊಬ್ಬ ಆಯುಕ್ತರು ಎಂದುಕೊಂಡು ದೆಹಲಿಯಲ್ಲಿ ಕಾಯ್ದೆ ಬರೆದರು. ಅಷ್ಟರಲ್ಲಿ ಇಲ್ಲಿ ಒಂದೇ ಊರಿಗೆ ಐವರು ಆಯುಕ್ತರಾದರು, ಮೇಲೊಬ್ಬರು ಮುಖ್ಯ ಆಯುಕ್ತರು ಬೇರೆ. ಹಾಗಾದರೆ ರಾತ್ರಿ ಎರಡು ಗಂಟೆಗೆ ರಾಜಕಾಲುವೆ ಉಕ್ಕಿದರೆ ಕೊನೆಯ ಮಾತು ಯಾರದ್ದು?

## ಜಿಲ್ಲಾಧಿಕಾರಿಗೆ ಅಧಿಕಾರ, ಪಾಲಿಕೆಗೆ ಪಂಪು

2005ರ ಮೂಲ ಕಾಯ್ದೆ ಬಂದಿದ್ದು ಸುನಾಮಿಯ ಮರುವರ್ಷ. ಅದು ಮೂರು ಹಂತದ ವ್ಯವಸ್ಥೆ ಮಾಡಿತು. ದೇಶಕ್ಕೆ ಪ್ರಧಾನಿ, ರಾಜ್ಯಕ್ಕೆ ಮುಖ್ಯಮಂತ್ರಿ, ಜಿಲ್ಲೆಗೆ ಜಿಲ್ಲಾಧಿಕಾರಿ ನೇತೃತ್ವದ ಪ್ರಾಧಿಕಾರ. ಇದರಲ್ಲಿ ನಿಜವಾದ ಕೆಲಸದ ಹಂತ ಜಿಲ್ಲೆಯದ್ದು. ವಿಪತ್ತಿನ ಹೊತ್ತಿನಲ್ಲಿ ಜಿಲ್ಲಾ ಪ್ರಾಧಿಕಾರ ಯಾವುದೇ ಇಲಾಖೆಗೆ ಅಥವಾ ಸ್ಥಳೀಯ ಸಂಸ್ಥೆಗೆ ಇಂಥದ್ದು ಮಾಡಿ ಎಂದು ಆದೇಶಿಸಬಹುದು. ಅವರು ಮಾಡಲೇಬೇಕು. ವಾಹನ ಸಂಚಾರ ತಡೆಯುವುದು, ಅವಶೇಷ ತೆರವು ಮಾಡಿಸುವುದು ಎಲ್ಲವೂ ಆ ಅಧಿಕಾರದೊಳಗೇ ಬರುತ್ತದೆ.

ಹಳ್ಳಿಗಳಿರುವ ಜಿಲ್ಲೆಯಲ್ಲಿ ಇದು ಸರಿಹೋಗುತ್ತದೆ. ಹೊಳೆ ಉಕ್ಕಿದರೆ ತಹಶೀಲ್ದಾರ್ ಇದ್ದಾರೆ, ಕಂದಾಯ ನಿರೀಕ್ಷಕರಿದ್ದಾರೆ, ಗ್ರಾಮ ಆಡಳಿತಾಧಿಕಾರಿಗಳಿದ್ದಾರೆ. ಯಾವ ಮನೆಯಲ್ಲಿ ಎಷ್ಟು ಜನ ಎಂಬುದೂ ಅವರಿಗೆ ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಲೆಕ್ಕವೇ ಬೇರೆ. ಇಲ್ಲಿ ಚರಂಡಿ, ರಾಜಕಾಲುವೆ, ಅಂಡರ್‌ಪಾಸ್, ಪಂಪು, ಮರ ಕತ್ತರಿಸುವ ತಂಡ, ವಾರ್ಡ್ ಎಂಜಿನಿಯರ್ ಎಲ್ಲವೂ ಪಾಲಿಕೆಯದ್ದು. ಜಿಲ್ಲಾಧಿಕಾರಿ ಕೈಯಲ್ಲಿ ಕಾಯ್ದೆಯ ಬಲ ಇದೆ, ಎಂಜಿನಿಯರ್‌ಗಳಿಲ್ಲ. ಆಯುಕ್ತರ ಬಳಿ ಎಂಜಿನಿಯರ್‌ಗಳಿದ್ದಾರೆ, ಬೇರೆ ಇಲಾಖೆಗೆ ಆದೇಶ ಕೊಡುವ ಬಲ ಇರಲಿಲ್ಲ.

ಈ ಅಂತರ ತುಂಬಲೆಂದೇ ತಿದ್ದುಪಡಿ ತಂದಿದ್ದು. ಉದ್ದೇಶದಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ.

ಆದರೆ ಪಾಲಿಕೆಯ ಹೊರಗೂ ಬೇಕಾದಷ್ಟು ಮಂದಿ ಇದ್ದಾರೆ. ಪೊಲೀಸ್ ಮತ್ತು ಅಗ್ನಿಶಾಮಕ ದಳ ಗೃಹ ಇಲಾಖೆಗೆ ಸೇರಿದವು. ವಿದ್ಯುತ್ ಪೂರೈಸುವ ಬೆಸ್ಕಾಂ ಇಂಧನ ಇಲಾಖೆಯ ಕೆಳಗಿದೆ. ಒಳಚರಂಡಿ ಜಲಮಂಡಳಿಯದ್ದು. ಬಸ್ಸು ಬಿಎಂಟಿಸಿಯದ್ದು, ರೈಲ್ವೆ ಹಳಿಯ ಕೆಳಗಿನ ಸೇತುವೆ ರೈಲ್ವೆಯದ್ದು, ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ ಎನ್‌ಡಿಆರ್‌ಎಫ್ ಕೇಂದ್ರ ಸರ್ಕಾರದ್ದು. ಸಂವಿಧಾನದ 12ನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ಕೊಡಬಹುದಾದ 18 ವಿಷಯಗಳ ಪಟ್ಟಿಯಿದೆ. ಅದರಲ್ಲಿ ಅಗ್ನಿಶಾಮಕ ಸೇವೆಯೂ ಒಂದು. ಮುಂಬೈಯಲ್ಲಿ ಅಗ್ನಿಶಾಮಕ ದಳ ಪಾಲಿಕೆಯ ಕೈಯಲ್ಲೇ ಇದೆ. ಕರ್ನಾಟಕದಲ್ಲಿ ಅದು ರಾಜ್ಯ ಸರ್ಕಾರದ ಇಲಾಖೆ.

## ಒಂದು ಮರ ಬೀಳುತ್ತದೆ

ದೊಡ್ಡ ಪ್ರವಾಹ ಬೇಡ, ಪ್ರತಿ ಬೇಸಿಗೆ ಮಳೆಗೂ ನಡೆಯುವ ಸಣ್ಣ ಸಂಗತಿಯನ್ನೇ ನೋಡೋಣ. ರಾತ್ರಿ ಗಾಳಿಗೆ ಒಂದು ಗುಲ್‌ಮೊಹರ್ ಮರ ರಸ್ತೆಗೆ ಅಡ್ಡ ಬೀಳುತ್ತದೆ. ಬೀಳುವಾಗ ವಿದ್ಯುತ್ ತಂತಿಯನ್ನೂ ಎಳೆದುಕೊಂಡು ಬೀಳುತ್ತದೆ. ಕೆಳಗೊಂದು ಕಾರು.

ಯಾರೋ ಪಾಲಿಕೆಯ ಸಹಾಯವಾಣಿ 1533ಕ್ಕೆ ಫೋನ್ ಮಾಡುತ್ತಾರೆ. ಪಾಲಿಕೆಯ ತಂಡ ಗರಗಸ ಹಿಡಿದು ಬರುತ್ತದೆ. ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಗೊತ್ತಾಗುವ ತನಕ ಅವರು ಕೊಂಬೆ ಮುಟ್ಟುವ ಹಾಗಿಲ್ಲ, ಮುಟ್ಟಲೂಬಾರದು. ಲೈನ್ ಆಫ್ ಮಾಡಬೇಕಾದವರು ಬೆಸ್ಕಾಂನವರು. ಅವರ ನಂಬರ್ ಬೇರೆ, 1912. ಆ ಹೊತ್ತಿಗೆ ಅದೇ ಏರಿಯಾದಲ್ಲಿ ಇನ್ನೂ ನಾಲ್ಕು ಕಡೆ ತಂತಿ ಹರಿದಿರುತ್ತದೆ. ಲೈನ್‌ಮನ್ ಯಾವ ಮರದ ಹತ್ತಿರ ಮೊದಲು ಹೋಗಬೇಕು? ಬೆಸ್ಕಾಂ ತನ್ನ ಪಟ್ಟಿ ನೋಡುತ್ತದೆ. ಪಾಲಿಕೆ ತನ್ನ ಪಟ್ಟಿ ನೋಡುತ್ತದೆ. ಎರಡೂ ಪಟ್ಟಿಯಲ್ಲಿ ಮೊದಲ ಮರ ಒಂದೇ ಆಗಿರಬೇಕೆಂದೇನಿಲ್ಲ. ಈ ಮಧ್ಯೆ ಸಂಚಾರಿ ಪೊಲೀಸರು ವಾಹನಗಳನ್ನು ಪಕ್ಕದ ರಸ್ತೆಗೆ ತಿರುಗಿಸುತ್ತಾರೆ. ಆಂಬುಲೆನ್ಸ್ ಬರುವುದೂ ಅದೇ ದಾರಿಯಲ್ಲಿ.

ಇಲ್ಲಿ ಯಾರೂ ಕೆಲಸಗಳ್ಳರಲ್ಲ, ಅವರವರ ಕೆಲಸ ಅವರವರು ಮಾಡುತ್ತಿದ್ದಾರೆ. ಆದರೂ ಅರ್ಧ ಗಂಟೆಯ ಕೆಲಸ ನಾಲ್ಕು ಗಂಟೆ ಹಿಡಿಯುತ್ತದೆ. ಕಾರಣ, ಎಲ್ಲರ ಪಟ್ಟಿಯನ್ನೂ ಮುಂದಿಟ್ಟುಕೊಂಡು "ಮೊದಲು ಈ ಮರ" ಎಂದು ಹೇಳುವವರು ಯಾರೂ ಇಲ್ಲ. ಮಾರನೇ ದಿನ ಸಭೆ ಕರೆಯುವವರಿಗೆ ಕೊರತೆಯಿಲ್ಲ. ಬೇಕಿದ್ದದ್ದು ಆ ರಾತ್ರಿ ಅಲ್ಲೇ ಆದೇಶ ಕೊಡುವವರು.

2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಆಗಿದ್ದಕ್ಕೂ ಇದೇ ಬೇರು. ವಿಧಾನಸೌಧದಿಂದ ಕೂಗಳತೆಯ ಜಾಗ. ಮಳೆನೀರು ತುಂಬಿದ್ದ ಅಂಡರ್‌ಪಾಸ್‌ಗೆ ಕಾರು ಇಳಿಯಿತು, ಅದರಲ್ಲಿದ್ದ ಯುವತಿಯೊಬ್ಬರು ತೀರಿಕೊಂಡರು. ಅಂಡರ್‌ಪಾಸ್ ಮುಚ್ಚುವುದು ಐದು ನಿಮಿಷದ ಕೆಲಸ, ಒಂದು ಬ್ಯಾರಿಕೇಡ್ ಸಾಕು. ಆದರೆ ನೀರಿನ ಮಟ್ಟ ಗಮನಿಸುವುದು ಪಾಲಿಕೆಯ ಎಂಜಿನಿಯರ್ ಕೆಲಸ, ರಸ್ತೆ ಮುಚ್ಚುವುದು ಸಂಚಾರಿ ಪೊಲೀಸರ ಕೆಲಸ, ಸಿಕ್ಕಿಕೊಂಡವರನ್ನು ಎತ್ತುವುದು ಅಗ್ನಿಶಾಮಕ ದಳದ ಕೆಲಸ. ಮೊದಲನೆಯದು ತಡವಾದರೆ ಮೂರನೆಯದು ಅನಿವಾರ್ಯವಾಗುತ್ತದೆ.

## ಕಾಲುವೆಗೆ ಪಾಲಿಕೆಯ ಗಡಿ ಇಲ್ಲ

ಬೆಂಗಳೂರು ಕೂತಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲೆ. ದೊಡ್ಡ ನದಿ ಇಲ್ಲ. ಬಿದ್ದ ಮಳೆ ಕಣಿವೆಗಳಲ್ಲಿ ಹರಿದುಹೋಗುತ್ತದೆ. ಮುಖ್ಯವಾಗಿ ವೃಷಭಾವತಿ, ಹೆಬ್ಬಾಳ, ಕೋರಮಂಗಲ-ಚಲ್ಲಘಟ್ಟ ಕಣಿವೆಗಳು. ಕಣಿವೆಯುದ್ದಕ್ಕೂ ಸರಪಳಿಯಂತೆ ಕೆರೆಗಳು, ಕೆರೆಯಿಂದ ಕೆರೆಗೆ ರಾಜಕಾಲುವೆ.

ಕೋರಮಂಗಲ ಕಣಿವೆಯನ್ನೇ ತೆಗೆದುಕೊಳ್ಳಿ. ಮೆಜೆಸ್ಟಿಕ್ ಕಡೆಯಿಂದ ಹೊರಡುವ ಕೆ-100 ರಾಜಕಾಲುವೆ ಶಾಂತಿನಗರ ಬಸ್ ನಿಲ್ದಾಣದ ಪಕ್ಕ ಹಾದು, ಕೋರಮಂಗಲದ ಮೂಲಕ ಬೆಳ್ಳಂದೂರು ಕೆರೆ ಸೇರುತ್ತದೆ. ಅಲ್ಲಿಂದ ನೀರು ವರ್ತೂರಿಗೆ, ಮುಂದೆ ದಕ್ಷಿಣ ಪಿನಾಕಿನಿಗೆ. ಹೊಸ ನಕ್ಷೆಯಲ್ಲಿ ಮೆಜೆಸ್ಟಿಕ್, ಶಾಂತಿನಗರ ಕೇಂದ್ರ ಪಾಲಿಕೆಗೆ ಸೇರಿವೆ. ಕೋರಮಂಗಲದ ಬಹುಭಾಗ ದಕ್ಷಿಣ ಪಾಲಿಕೆಗೆ. ಬೆಳ್ಳಂದೂರು, ವರ್ತೂರು ಪೂರ್ವ ಪಾಲಿಕೆಗೆ. ಅಂದರೆ ಮೇಲಿನ ಪಾಲಿಕೆ ಹೂಳು ತೆಗೆದು ಕಾಲುವೆ ಚೊಕ್ಕ ಮಾಡಿದಷ್ಟೂ ನೀರು ಕೆಳಗಿನ ಪಾಲಿಕೆಗೆ ಬೇಗ ಬಂದು ಬೀಳುತ್ತದೆ. ಕೇಂದ್ರ ಪಾಲಿಕೆಯ ಒಳ್ಳೆಯ ಕೆಲಸ ಪೂರ್ವ ಪಾಲಿಕೆಗೆ ತಲೆನೋವಾಗಬಹುದು.

ಕೆರೆಯ ತೂಬಿನ ಕತೆಯೂ ಇದೇ. ದೊಡ್ಡ ಮಳೆಗೆ ಮುಂಚೆ ತೂಬು ತೆರೆದು ಕೆರೆಯಲ್ಲಿ ಸ್ವಲ್ಪ ಜಾಗ ಮಾಡಿಟ್ಟರೆ ಮಳೆನೀರು ಅಲ್ಲಿ ನಿಲ್ಲುತ್ತದೆ. ತಡ ಮಾಡಿದರೆ ಕೆರೆ ಕೋಡಿ ಬಿದ್ದು ಕೆಳಗಿನ ಬಡಾವಣೆಗೆ ನುಗ್ಗುತ್ತದೆ. ತೀರಾ ತಡವಾಗಿ ತೆರೆದರೆ ಕೆಳಗಿನ ಕೆರೆಯೂ ತುಂಬಿರುತ್ತದೆ. ಹಾಗಾಗಿ ತೂಬು ತೆರೆಯುವ ನಿರ್ಧಾರವನ್ನು ಇಡೀ ಕಣಿವೆಯನ್ನು ನೋಡಿ ಮಾಡಬೇಕು. ಆದರೆ ಕೆರೆಗಳೆಲ್ಲ ಒಬ್ಬರ ಕೈಯಲ್ಲಿಲ್ಲ. ಬೆಳ್ಳಂದೂರು, ವರ್ತೂರು ಕೆರೆಗಳ ಪುನಶ್ಚೇತನದ ಕೆಲಸ ಹೊತ್ತುಕೊಂಡಿದ್ದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿಡಿಎ), ಪಾಲಿಕೆ ಅಲ್ಲ.

2022ರ ಸೆಪ್ಟೆಂಬರ್ ನೆನಪಿರಬಹುದು. ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಹೊರ ವರ್ತುಲ ರಸ್ತೆ, ಮಹದೇವಪುರ, ಬೆಳ್ಳಂದೂರು ಸುತ್ತಮುತ್ತ ದೋಣಿ, ಟ್ರ್ಯಾಕ್ಟರ್ ಓಡಾಡಿದವು. ಟಿವಿಯಲ್ಲಿ ಎಲ್ಲರೂ ನೋಡಿದ್ದು ಅದನ್ನೇ. ಅಷ್ಟಾಗಿ ಚರ್ಚೆಯಾಗದ ಸಂಗತಿ ಇನ್ನೊಂದಿದೆ. ಅದೇ ಹೊತ್ತಿಗೆ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ, ಬೆಂಗಳೂರಿಗೆ ಕಾವೇರಿ ನೀರು ಎತ್ತುವ ಪಂಪ್‌ಹೌಸ್‌ಗೇ ನೀರು ನುಗ್ಗಿತು. ಊರ ತುಂಬಾ ನೀರು, ನಲ್ಲಿಯಲ್ಲಿ ಮಾತ್ರ ಇಲ್ಲ. ಆ ಪಂಪ್‌ಹೌಸ್ ಬಿಬಿಎಂಪಿ ವ್ಯಾಪ್ತಿಯಲ್ಲೂ ಇರಲಿಲ್ಲ, ಬೆಂಗಳೂರು ನಗರ ಜಿಲ್ಲೆಯಲ್ಲೂ ಇರಲಿಲ್ಲ. ನಗರದ ವಿಪತ್ತು ನಗರದ ಗಡಿಯೊಳಗೇ ನಡೆಯುತ್ತದೆ ಎಂದುಕೊಂಡು ಯೋಜನೆ ಮಾಡಿದರೆ ಇಂಥದ್ದೆಲ್ಲ ಲೆಕ್ಕಕ್ಕೇ ಬರುವುದಿಲ್ಲ.

## ಐದಾಗಿದ್ದರಿಂದ ಲಾಭವೋ ನಷ್ಟವೋ

ಐದು ಪಾಲಿಕೆ ಬೇಕು ಎನ್ನುವವರ ವಾದದಲ್ಲಿ ಹುರುಳಿದೆ. ಬಿಬಿಎಂಪಿ 700 ಚದರ ಕಿ.ಮೀ.ಗಿಂತ ದೊಡ್ಡದಿತ್ತು. ಯಲಹಂಕದ ಚರಂಡಿಗೂ ಬೊಮ್ಮನಹಳ್ಳಿಯ ಗುಂಡಿಗೂ ಒಬ್ಬರೇ ಮುಖ್ಯ ಆಯುಕ್ತರು. ಮಳೆಯಂತೂ ಊರಿನ ತುಂಬಾ ಒಂದೇ ಸಮ ಸುರಿಯುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಕಡೆ 150 ಮಿ.ಮೀ. ದಾಟಿದ ಮಳೆಗೆ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ನೀರಲ್ಲಿ ನಿಂತು, ಜನರನ್ನು ದೋಣಿಯಲ್ಲಿ ಹೊರತಂದರು. ಅದೇ ಹೊತ್ತಿಗೆ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕಾರ್ಮಿಕರು ಸತ್ತರು. ಒಂದು ಕಡೆ ದೋಣಿ ಬೇಕು, ಇನ್ನೊಂದು ಕಡೆ ಕಾಂಕ್ರೀಟ್ ಕತ್ತರಿಸುವ ಯಂತ್ರ ಬೇಕು. ಇಂಥ ಹೊತ್ತಲ್ಲಿ ಪ್ರದೇಶ ಚಿಕ್ಕದಿದ್ದು ಆಯುಕ್ತರು ಹತ್ತಿರ ಇದ್ದರೆ ಸ್ಥಳಕ್ಕೆ ಬೇಗ ತಲುಪಬಹುದು, ಬೇಗ ತೀರ್ಮಾನ ಮಾಡಬಹುದು.

ಎದುರು ವಾದವೂ ಅಷ್ಟೇ ಗಟ್ಟಿ. ಇದ್ದ ಪಂಪು, ಜೆಸಿಬಿ, ತಂಡಗಳನ್ನು ಐದು ಪಾಲು ಮಾಡಿದರೆ ಮಳೆ ಬಿದ್ದ ಪಾಲಿಕೆಗೆ ಸಾಲುವುದಿಲ್ಲ, ಬೀಳದ ಪಾಲಿಕೆಯಲ್ಲಿ ಸುಮ್ನೆ ನಿಂತಿರುತ್ತವೆ. ಪಕ್ಕದ ಪಾಲಿಕೆಯ ಪಂಪು ತರಿಸಿಕೊಳ್ಳಲು ಪತ್ರ ಬರೆಯಬೇಕಾ, ಫೋನ್ ಸಾಕಾ? ಡೀಸೆಲ್ ಖರ್ಚು ಯಾರದ್ದು? ಹಾಳಾದರೆ ರಿಪೇರಿ ಯಾರದ್ದು? ಇವು ಚಿಲ್ಲರೆ ಪ್ರಶ್ನೆಗಳ ಥರ ಕಾಣುತ್ತವೆ. ಆದರೆ ಆಡಿಟ್‌ಗೆ ಉತ್ತರ ಹೇಳಬೇಕಾದ ಅಧಿಕಾರಿ ರಾತ್ರಿ ಹೊತ್ತಲ್ಲಿ ಹಿಂಜರಿಯುವುದು ಇಂಥ ಪ್ರಶ್ನೆಗಳಿಗೇ. ವರಮಾನವೂ ಸಮನಾಗಿಲ್ಲ. ಐಟಿ ಕಂಪನಿಗಳ ಆಸ್ತಿ ತೆರಿಗೆ ಬರುವ ಪೂರ್ವ ಪಾಲಿಕೆಯ ಕಿಸೆ ಬೇರೆ, ಉಳಿದವರ ಕಿಸೆ ಬೇರೆ.

ದೆಹಲಿ ಈ ದಾರಿಯಲ್ಲಿ ಹೋಗಿ ಬಂದಿದೆ. ಅಲ್ಲಿ 2012ರಲ್ಲಿ ಪಾಲಿಕೆಯನ್ನು ಮೂರು ಮಾಡಿದರು, 2022ರಲ್ಲಿ ಮತ್ತೆ ಒಂದು ಮಾಡಿದರು. ವರಮಾನದ ಏರುಪೇರು ಅದಕ್ಕೆ ಕೊಟ್ಟ ದೊಡ್ಡ ಕಾರಣ. ಹೈದರಾಬಾದ್ ಬೇರೆ ದಾರಿ ಹಿಡಿಯಿತು. 2024ರ ಜುಲೈನಲ್ಲಿ ಹೈಡ್ರಾ ಎಂಬ ಸಂಸ್ಥೆ ಕಟ್ಟಿ, ಹೊರ ವರ್ತುಲ ರಸ್ತೆಯ ತನಕದ ಪ್ರದೇಶಕ್ಕೆ ವಿಪತ್ತು ಸ್ಪಂದನೆಯನ್ನೂ ಕೆರೆ-ನಾಲೆ ಒತ್ತುವರಿ ತೆರವನ್ನೂ ಒಂದೇ ಕಡೆ ಕೊಟ್ಟಿತು. ಅದರ ತೆರವು ಕಾರ್ಯಾಚರಣೆಗಳ ಬಗ್ಗೆ ಕೋರ್ಟಿನಲ್ಲಿ ತಕರಾರು ಎದ್ದಿವೆ, ಅದು ಬೇರೆ ಮಾತು. ಪಾಲಿಕೆಯ ಗಡಿ ಮೀರಿ ಕೆಲಸ ಮಾಡುವ ಒಂದೇ ದಳ ಅಲ್ಲಿದೆ ಎಂಬುದಷ್ಟು ಇಲ್ಲಿಗೆ ಮುಖ್ಯ.

## ಯಾರು ಮುಖ್ಯಸ್ಥರಾಗಬೇಕು?

ಈಗ ಮೊದಲಿನ ಪ್ರಶ್ನೆ. ಮುಂದಿರುವ ದಾರಿ ಮೂರು.

ಐದು ಪಾಲಿಕೆಗೆ ಐದು ವಿಪತ್ತು ಪ್ರಾಧಿಕಾರ ಮಾಡಬಹುದು. ಕಾಯ್ದೆಯ ಅಕ್ಷರಕ್ಕೆ ಹತ್ತಿರವಾದದ್ದು ಇದೇ. ಆದರೆ ಒಬ್ಬರೇ ಜಿಲ್ಲಾಧಿಕಾರಿ ಐದು ಕಡೆ ಉಪಾಧ್ಯಕ್ಷರಾಗುತ್ತಾರೆ, ಒಬ್ಬರೇ ಪೊಲೀಸ್ ಕಮಿಷನರ್‌ಗೆ ಐದು ಕಡೆಯಿಂದ ಕರೆ ಬರುತ್ತದೆ. ಕಣಿವೆ ಮೂರು ಹೋಳಾಗುತ್ತದೆ. ನನ್ನ ಮಟ್ಟಿಗೆ ಇದು ಅತ್ಯಂತ ಕೆಟ್ಟ ಆಯ್ಕೆ.

ಈಗಿರುವಂತೆ ಎಲ್ಲವನ್ನೂ ಜಿಲ್ಲಾಧಿಕಾರಿಗೇ ಬಿಡಬಹುದು. ಇದರಲ್ಲಿ ಒಂದು ಅನುಕೂಲವಿದೆ, ಅದನ್ನು ಹಗುರವಾಗಿ ನೋಡಬಾರದು. ಪರಿಹಾರದ ಹಣ ಹರಿಯುವುದು ಕಂದಾಯ ಇಲಾಖೆಯ ದಾರಿಯಲ್ಲೇ. ರಾಜ್ಯ ವಿಪತ್ತು ಸ್ಪಂದನಾ ನಿಧಿಗೆ ಕೇಂದ್ರ 75, ರಾಜ್ಯ 25ರ ಲೆಕ್ಕದಲ್ಲಿ ಹಣ ಹಾಕುತ್ತವೆ. ಸತ್ತವರ ಕುಟುಂಬಕ್ಕೆ 4 ಲಕ್ಷ ರೂಪಾಯಿ ಸೇರಿ ಪರಿಹಾರದ ದರಗಳು ಆ ನಿಧಿಯ ನಿಯಮದಲ್ಲಿವೆ. ಮಹಜರು, ಅಂದರೆ ಸ್ಥಳಕ್ಕೆ ಬಂದು ಹಾನಿ ನೋಡಿ ದಾಖಲಿಸುವ ಕೆಲಸ, ಮಾಡುವುದು ತಹಶೀಲ್ದಾರ್ ಕಡೆಯವರು. ಆದರೆ ಪರಿಹಾರ ಬರುವುದು ಅನಾಹುತ ಆದಮೇಲೆ. ಮೊದಲ ಆರು ಗಂಟೆಗೆ ಬೇಕಾಗುವುದು ಎಂಜಿನಿಯರ್, ಪಂಪು, ಬ್ಯಾರಿಕೇಡ್.

ಮೂರನೆಯದು, ಜಿಬಿಎ ಮುಖ್ಯ ಆಯುಕ್ತರ ನೇತೃತ್ವದಲ್ಲಿ ಇಡೀ ನಗರಕ್ಕೆ ಒಂದೇ ಪ್ರಾಧಿಕಾರ. ಜಲಮಂಡಳಿ, ಬೆಸ್ಕಾಂ, ಬಿಡಿಎ, ಬಿಎಂಟಿಸಿ, ಪೊಲೀಸ್ ಮುಖ್ಯಸ್ಥರು ಹೇಗೂ ಜಿಬಿಎ ಸದಸ್ಯರು. ಕಣಿವೆಯನ್ನು ಇಡಿಯಾಗಿ ನೋಡಲು ಬರುವುದು ಇಲ್ಲಿಂದಲೇ. ಇದರ ಅಪಾಯವೂ ಸ್ಪಷ್ಟ. ಮುಖ್ಯಮಂತ್ರಿ ಅಧ್ಯಕ್ಷರಾಗಿರುವ ಕಡೆ ಕೆಳಗಿನವರು ಪ್ರತಿಯೊಂದಕ್ಕೂ ಮೇಲೆ ನೋಡುತ್ತಾರೆ. ಅಂಡರ್‌ಪಾಸ್ ಮುಚ್ಚಲೂ ಮೇಲಿನ ಫೋನ್‌ಗೆ ಕಾಯುವಂತಾದರೆ ಮುಗಿಯಿತು.

ಆದ್ದರಿಂದ ಮೂರನೇ ದಾರಿ ಆಯ್ದುಕೊಂಡರೂ ಅದು ಕೆಲಸ ಮಾಡುವುದು ಒಂದು ಷರತ್ತಿನ ಮೇಲೆ. ಯಾವ ನಿರ್ಧಾರ ಯಾವ ಮಟ್ಟದಲ್ಲಿ ಎಂಬುದನ್ನು ಮಳೆಗಾಲಕ್ಕೆ ಮುಂಚೆಯೇ ಬರೆದಿಡಬೇಕು. ಅಂಡರ್‌ಪಾಸ್‌ನಲ್ಲಿ ಗುರುತು ಹಾಕಿದ ಮಟ್ಟಕ್ಕೆ ನೀರು ಬಂದರೆ ಅಲ್ಲಿರುವ ಕಾನ್‌ಸ್ಟೇಬಲ್ ಯಾರನ್ನೂ ಕೇಳದೆ ರಸ್ತೆ ಮುಚ್ಚಬೇಕು. ಬಡಾವಣೆ ಖಾಲಿ ಮಾಡಿಸುವುದು ಆಯಾ ಪಾಲಿಕೆಯ ಆಯುಕ್ತರ ಮಾತು. ಕೆರೆ ತೂಬು ಮತ್ತು ಒಂದು ಪಾಲಿಕೆಯಿಂದ ಇನ್ನೊಂದಕ್ಕೆ ಯಂತ್ರ ಕಳಿಸುವುದು ಮುಖ್ಯ ಆಯುಕ್ತರ ಮಾತು. ಇದು ಹೊಸ ಆಲೋಚನೆಯೇನಲ್ಲ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲೇ ಹೊರಡಿಸಿದ ಘಟನಾ ಸ್ಪಂದನಾ ವ್ಯವಸ್ಥೆಯ ಮಾರ್ಗಸೂಚಿ ಹೇಳುವುದು ಇದನ್ನೇ. ಘಟನೆಯ ಜಾಗದಲ್ಲಿ ಒಬ್ಬರೇ ಕಮಾಂಡರ್, ಯಾವ ಇಲಾಖೆಯವರೇ ಇರಲಿ ಅಲ್ಲಿ ಅವರ ಮಾತು ಕೇಳಬೇಕು. ನಗರ ಪ್ರವಾಹಕ್ಕೆಂದೇ ಪ್ರತ್ಯೇಕ ಮಾರ್ಗಸೂಚಿಯೂ ಅದೇ ವರ್ಷ ಬಂದಿತ್ತು.

ಮಳೆಯಲ್ಲದ ವಿಪತ್ತಿಗೂ ಇದು ಅನ್ವಯಿಸುತ್ತದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಸ್ಟೇಡಿಯಂ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಐಪಿಎಲ್ ಗೆದ್ದ ಆರ್‌ಸಿಬಿ ತಂಡಕ್ಕೆ ಅದೇ ಸಂಜೆ ವಿಧಾನಸೌಧದಲ್ಲೂ ಸನ್ಮಾನ, ಸ್ಟೇಡಿಯಂನಲ್ಲೂ ಸಂಭ್ರಮ. ಜನ ಹೆಚ್ಚಾದಾಗ ಮೆಟ್ರೋ ತನ್ನ ಲೆಕ್ಕದಲ್ಲಿ ಹತ್ತಿರದ ನಿಲ್ದಾಣಗಳಲ್ಲಿ ರೈಲು ನಿಲ್ಲಿಸುವುದನ್ನು ಬಿಟ್ಟಿತು. ಅಮಾನತು, ತನಿಖೆ ಎಲ್ಲ ಆಮೇಲೆ ಬೇಗ ಬೇಗ ನಡೆದವು. ಮಧ್ಯಾಹ್ನವೇ "ಸಾಕು, ನಿಲ್ಲಿಸಿ" ಎನ್ನುವ ಅಧಿಕಾರ ಯಾರಿಗಿತ್ತು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿಯಿತು.

## ಮಾಹಿತಿ ಇದೆ, ತಲುಪುವುದು ಎಲ್ಲಿಗೆ?

ಮುನ್ಸೂಚನೆಯಲ್ಲಿ ಬೆಂಗಳೂರು ಬೇರೆ ಎಷ್ಟೋ ಊರುಗಳಿಗಿಂತ ಮುಂದಿದೆ. ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನೋಡಿಕೊಳ್ಳಲು ಶುರುವಾದದ್ದು. ಈಗ ನಗರದ ಉದ್ದಗಲಕ್ಕೂ ಮಳೆ ಮಾಪಕಗಳನ್ನು, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳನ್ನು ಇಟ್ಟಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆ ಸೇರಿ ಮಾಡಿದ ಮೇಘ ಸಂದೇಶ ಆ್ಯಪ್ ಯಾವ ಪ್ರದೇಶದಲ್ಲಿ ನೀರು ನಿಲ್ಲಬಹುದು ಎಂದೂ ತೋರಿಸುತ್ತದೆ.

ಹವಾಮಾನ ಇಲಾಖೆಯ ಯೆಲ್ಲೋ, ಆರೆಂಜ್ ಅಲರ್ಟ್ ಬರುವುದು ಇಡೀ ಜಿಲ್ಲೆಗೆ. ನೀರು ನುಗ್ಗುವುದು ಒಂದು ಬೀದಿಗೆ. ವರ್ಷಕ್ಕೆ ಹತ್ತಾರು ಸಲ ಅಲರ್ಟ್ ಬಂದು ಏನೂ ಆಗದಿದ್ದರೆ ಎಂಜಿನಿಯರ್ ಕೂಡ ಅದನ್ನು ಪಕ್ಕಕ್ಕಿಡುತ್ತಾರೆ, ಜನರೂ ಇಡುತ್ತಾರೆ. ಅದೇ, "ಈ ಕಾಲುವೆಯ ಸೆನ್ಸರ್ ಇಷ್ಟು ಮೀಟರ್ ದಾಟಿದೆ, ಈ ಮೂರು ಬೀದಿಗೆ ಮುಕ್ಕಾಲು ಗಂಟೆಯಲ್ಲಿ ನೀರು" ಎಂದು ಬಂದರೆ ಯಾರೂ ಸುಮ್ಮನೆ ಕೂರುವುದಿಲ್ಲ. ಅಂಥ ಸಂದೇಶ ಆ ವಾರ್ಡ್‌ನ ಎಂಜಿನಿಯರ್, ಠಾಣೆ, ಬೆಸ್ಕಾಂ ಸಬ್‌ಸ್ಟೇಷನ್ ಮೂವರಿಗೂ ಒಂದೇ ಕ್ಷಣಕ್ಕೆ ಹೋಗಬೇಕು.

ಬೀದಿ ಮಟ್ಟದಲ್ಲಿ ಇನ್ನೊಂದು ಕೊಂಡಿ ಕಳಚಿ ಬಹಳ ಕಾಲವಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿಯಿತು. ಬಿಬಿಎಂಪಿ ಇರುವ ತನಕ ಮತ್ತೆ ಚುನಾವಣೆ ನಡೆಯಲೇ ಇಲ್ಲ. 2022ರ ಪ್ರವಾಹವನ್ನೂ 2024ರ ಮಳೆಯನ್ನೂ ನಗರ ಎದುರಿಸಿದ್ದು ಕಾರ್ಪೊರೇಟರ್ ಇಲ್ಲದೆ. ಕಾರ್ಪೊರೇಟರ್‌ಗಳ ಬಗ್ಗೆ ನಮ್ಮ ಅಭಿಪ್ರಾಯ ಏನೇ ಇರಲಿ, ಯಾವ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿ ಇದ್ದಾರೆ, ಯಾವ ಶಾಲೆಯ ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು, ಅಲ್ವಾ? ಆ ಕೆಲಸ ವಾರ್ಡ್ ಸಮಿತಿಗಳಾದರೂ ಮಾಡಬೇಕು.

## ದುಡ್ಡು ಮತ್ತು ಮುಂದಿನ ಮಳೆ

ನಗರ ಪ್ರವಾಹ ತಗ್ಗಿಸಲು 15ನೇ ಹಣಕಾಸು ಆಯೋಗ ಏಳು ಮಹಾನಗರಗಳಿಗೆ ಒಟ್ಟು 2,500 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಬೆಂಗಳೂರಿನ ಪಾಲು 250 ಕೋಟಿ. ಕಾಲುವೆ ಗೋಡೆ ಕಟ್ಟಲು ಹಣ ಹೇಗೋ ಹುಟ್ಟುತ್ತದೆ, ಟೆಂಡರ್ ಕರೆಯಬಹುದು, ಉದ್ಘಾಟನೆ ಮಾಡಬಹುದು. ಐದು ಪಾಲಿಕೆಯ ಕಂಟ್ರೋಲ್ ರೂಮ್, ಬೆಸ್ಕಾಂ, ಅಗ್ನಿಶಾಮಕ ದಳ ಒಂದೇ ಪರದೆಯಲ್ಲಿ ಒಂದೇ ಪಟ್ಟಿ ನೋಡುವಂತೆ ಮಾಡಲು ಅದರ ಒಂದು ಚೂರು ಸಾಕು. ಆದರೆ ಅದಕ್ಕೆ ಪ್ರತಿ ಇಲಾಖೆಯೂ ತನ್ನ ಪಟ್ಟಿಯನ್ನು ಬಿಟ್ಟುಕೊಡಬೇಕು. ತಡವಾಗುವುದು ಅಲ್ಲೇ.

ಬೆಂಗಳೂರಿನ ಜೋರು ಮಳೆ ಸಾಮಾನ್ಯವಾಗಿ ಸೆಪ್ಟೆಂಬರ್, ಅಕ್ಟೋಬರ್‌ನದ್ದು. ಅಷ್ಟರೊಳಗೆ ಜನ ನೋಡಬೇಕಾದದ್ದು ಯಾರ ಹೆಸರಿನ ಮುಂದೆ ಅಧ್ಯಕ್ಷ ಎಂದಿದೆ ಎಂಬುದನ್ನಷ್ಟೇ ಅಲ್ಲ. ಪಾಲಿಕೆಗಳ ನಡುವೆ ಯಂತ್ರ ಕಳಿಸುವ ಒಪ್ಪಂದ ಆಗಿದೆಯೇ, ತೂಬು ತೆರೆಯುವ ಹೊಣೆ ಯಾರಿಗೆ ಬರೆದಿದೆ, ಅಣಕು ಕಾರ್ಯಾಚರಣೆ ಮಳೆಗಾಲದ ಒಂದು ರಾತ್ರಿ ನಡೆಯಿತೇ ಅಥವಾ ಹಗಲು ಹೊತ್ತು ಕ್ಯಾಮೆರಾ ಮುಂದೆ ಮುಗಿಯಿತೇ ಎಂಬುದನ್ನೂ ಕೇಳಬೇಕು.

ಅಲ್ಲಿಯ ತನಕ ನಂಬರ್‌ಗಳು ಬೇರೆ ಬೇರೆಯೇ. ನೀರು ನುಗ್ಗಿದರೆ, ಮರ ಬಿದ್ದರೆ 1533. ತಂತಿ ಹರಿದರೆ 1912, ಒಳಚರಂಡಿ ಉಕ್ಕಿದರೆ ಜಲಮಂಡಳಿಯ 1916. ಜೀವಕ್ಕೆ ಅಪಾಯ ಎನಿಸಿದರೆ ಯೋಚನೆ ಮಾಡದೆ 112. ಮರದ ಜೊತೆ ತಂತಿಯೂ ಬಿದ್ದಿದ್ದರೆ 1533ಕ್ಕೂ 1912ಕ್ಕೂ ನೀವೇ ಹೇಳಿ, ಒಬ್ಬರು ಇನ್ನೊಬ್ಬರಿಗೆ ತಿಳಿಸುತ್ತಾರೆ ಎಂದು ಕಾಯಬೇಡಿ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಮನೆಯೊಳಗೆ ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಎಂಬ ಫೋಟೋ ತೆಗೆದಿಟ್ಟುಕೊಳ್ಳಿ. ಮಹಜರಿಗೆ ಬರುವ ಹೊತ್ತಿಗೆ ನೆಲ ಒಣಗಿರುತ್ತದೆ.